ಅರವತ್ತೆಂಟು ಕಿಲೊ

ಹಮ್ಮಿಗಿ ಬ್ಯಾರೇಜಿನ ಹಿನ್ನೀರು ಬಿಟ್ಟು
ಹುಚ್ಚೀರಪ್ಪ ಬಾರ್ಕೇರ
ಹುಬ್ಬಳ್ಳಿ ಗೋಕುಲ ರೋಡಿನ ನನ್ನ ಲೇಥಿಗೆ ಬಂದಾಗ
ಕೈಯಾಗ ಒಂದು ರಟ್ಟಿನ ತುಂಡು.
ಬಾಲ್‌ಪೆನ್ನಿಲೆ ಬರಕೊಂಡಿದ್ದ:
ಹದಿನಾರು ಫೂಟು ದೋಣಿ, ಫೈಬರಿಂದು,
ಇಪ್ಪತ್ತೈದು ಕುದುರಿ ಮೋಟರು, ಕಾರವಾರದಾಗ ತಗೊಂಡ ಹಳೇದು.

‘ರೇಸ್ ಕೊಟ್ರ ಮೂತಿ ಎತ್ತತೈತಿ, ಮೌನೇಶ.
ಕುಂಡಿ ನೀರಾಗ ಊರತೈತಿ.
ಕುಂತು ನೋಡಿದ್ರ ಮುಂದ ಹೊಳಿ ಇಲ್ಲ,
ಬರೇ ಮುಗಿಲು.’

ನನಗ ಈಸು ಬರೂದಿಲ್ಲ.
ಬೋರಿನ ಪಂಪು ರಿಪೇರಿ ಬಿಟ್ರ
ನೀರಿಗೂ ನನಗೂ ಲೇವಾದೇವಿ ಇಲ್ಲ.

ಅವನ ಮೊಬೈಲಿನಾಗ ಮೂರು ಫೋಟೊ.
ಒಂದು ರೆಕ್ಕಿ, ಮೋಟರಿನ ಕಾಲಿಗೆ ಬೋಲ್ಟ್ ಹಾಕೂದು,
ತಿಮಿಂಗಿಲದ ಬಾಲ ಇದ್ದಂಗ, ಪ್ಲಾಸ್ಟಿಕ್ಕಿಂದು,
ಮೂರು ಸಾವಿರದ ಎಂಟುನೂರು, ಸಾಗಣಿ ಬ್ಯಾರೆ.
ಒಂದು ಜೋಡಿ ಸ್ಟೀಲಿನ ಪಟ್ಟಿ, ಹಿಂದಿನ ಹಲಗಿಗೆ,
ಬಗ್ಗಿಸಿದ್ರ ನೀರು ಹಿಂದಿನಿಂದ ಎತ್ತತೈತಂತ.
ಮೂರನೇದು ಬ್ಯಾರೆ ಪಂಖಾ,
ಓಟ ಕಮ್ಮಿ, ಎಳೆತ ಜಾಸ್ತಿ.

‘ಮೂರೂ ಅಂದ್ರ ಗುತ್ತೆವ್ವ ಮನಿಯೊಳಗ ಕರಕೊಳ್ಳೂದಿಲ್ಲ.
ಒಂದು ಹೇಳು.’

ಹೇಳಾಕ ನನಗೇನು ಗೊತ್ತು?
ಆದ್ರ ಬಡಿಗೇರ ಮನಿತನದಾಗ
ಗೊತ್ತಿಲ್ಲ ಅನ್ನೂ ಮಾತು ಯಾರೂ ಕಲಿಸಿಲ್ಲ.
ಹಾಲಿನ ಡೇರಿ ಟ್ಯಾಂಕಿನಾಗ ಉಳಿದ ಶೀಟು ಇತ್ತು,
ಪಟ್ಟಿ ನಾನ ಮಾಡ್ತೀನಿ ಅಂದೆ.
ರೆಕ್ಕಿ ಅವ ತರಿಸಿದ, ಹೆಂಡತಿಗೆ ಹೇಳದ.

ಐತಾರ ಮುಂಜಾನೆ ಹೊಳಿ ದಂಡ್ಯಾಗ
ಪಟ್ಟಿ ಕೂಡಿಸಿ ಬಿಟ್ವಿ.
ಮೂತಿ ಒಂದಿಷ್ಟು ಇಳೀತು, ಸುಳ್ಳಲ್ಲ,
ಆದ್ರ ಎಡಗಡಿ ಪಟ್ಟಿ ಒಂದು ನೂಲು ಹೆಚ್ಚು ಬಗ್ಗಿತ್ತು.
ದೋಣಿ ಕುಡದವರಂಗ ಬಲಕ್ಕ ವಾಲಿತು.
ಪಟ್ಟಿ ಬಿಚ್ಚಿ ರೆಕ್ಕಿ ಹಾಕಿದ್ವಿ.
ಎದ್ದಿತು, ಕುಂತಿತು, ಎದ್ದಿತು, ಕುಂತಿತು,
ಗ್ವಾದಲಿ ಮುಂದಿನ ಎತ್ತಿನಂಗ ಗೋಣು ಹಾಕತಿತ್ತು.
ನನ್ನ ಹೊಟ್ಟಿಯೊಳಗಿನ ಉಪ್ಪಿಟ್ಟೂ ಹಂಗ.
ಬ್ಯಾಟರಿ ಮುಂದ ಸರಿಸಿದ್ವಿ. ಎಣ್ಣಿ ಕ್ಯಾನು ಸರಿಸಿದ್ವಿ.
ಸಾಲಲಿಲ್ಲ.

‘ನೀ ಮುಂದ ಹೋಗಿ ಕುಂಡ್ರು’ ಅಂದ.

ಬಲಿ ದಾಟಿ, ಒಣಗಿದ ಮೀನಿನ ಹುರುಪಿ ಮ್ಯಾಲೆ ಮೊಣಕಾಲೂರಿ
ಕೂಸಿನಂಗ ಅಂಬೆಗಾಲಿಟ್ಟು ಹೋದೆ.
ಲಂಗರದ ಕಡಿ ಎರಡೂ ಕೈಲೆ ಹಿಡದು
ಕಣ್ಣು ಮುಚ್ಚಿದೆ.

ಮೊದಲ ಸಪ್ಪಳ ಬದಲಾತು.
ದಬದಬ ಹೋಗಿ ಸರ್ರಂತ ಒಂದ ಎಳಿ.
ಹಂಚಿನ ಮ್ಯಾಲಿನ ರೊಟ್ಟಿ
ಅಂಟು ಬಿಟ್ಟು ತಾನ ಸರದಾಡತೈತೆಲ್ಲ, ಹಂಗ
ನೀರು ನಮ್ಮನ್ನ ಬಿಟ್ಟಿತ್ತು.
ಕಣ್ಣು ತಗದ್ರ ಮುಗಿಲಿಲ್ಲ:
ಆಚೆ ದಂಡಿ, ಎಮ್ಮಿ, ಒಬ್ಬ ಹುಡುಗ ಅರಿವಿ ಹಿಂಡಾಕತ್ತಿದ್ದ.

‘ಸಿಕ್ತಲೇ ಪಾರ್ಟು!’ ಹಿಂದಿನಿಂದ ಹುಚ್ಚೀರಪ್ಪ.

ಗುತ್ತೆವ್ವ ದಂಡಿ ಮ್ಯಾಲೆ ನಿಂತು ನೋಡಿದಳು,
ರೆಕ್ಕಿನೂ ನೋಡಿದಳು, ರೇಟು ಕೇಳಿದಳು,
ಆಮ್ಯಾಲೆ ನನ್ನ ಕಡೆ ಬೊಟ್ಟು ಮಾಡಿ,
‘ಇದು ಚೊಲೋ ಐತಿ. ಆದ್ರ ಇದಕ್ಕ ದಿನಾ ಊಟ ಹಾಕಬೇಕಲ್ಲ.’

ಹುಬ್ಬಳ್ಳಿಗೆ ಬಂದು ಗುಜರಿ ಇಮಾಮಹುಸೇನನ ಕಾಟಾ ಮ್ಯಾಲೆ ನಿಂತೆ.
ಚಪ್ಪಲಿ ಕೂಡಿ ಅರವತ್ತೆಂಟು.
ಅಷ್ಟ ತೂಕದ ಬೀಡಿನ ಚೂರು
ಡಬ್ಬಿಗೆ ತುಂಬಿ ಬೆಸಿಗಿ ಹಾಕಿ
ಮುಂಡರಗಿ ಬಸ್ಸಿನ ಬಾಗಲಾಗ ಏರಿಸಿದೆ, ಇಬ್ಬರು ಹಿಡದು.
ಕಂಡಕ್ಟರು ಅರ್ಧಕ್ಕ ಒಪ್ಪಲಿಲ್ಲ,
ಪೂರಾ ಒಬ್ಬ ಮನಿಷ್ಯಾನ ಟಿಕೆಟ್ಟು ಹರದ.

ನನ್ನ ಪಟ್ಟಿ ಈಗ ಗುತ್ತೆವ್ವನ ಹತ್ತಿರ ಅದಾವು,
ಹುರುಪಿ ಕೆರಿಯಾಕ ಅನುಕೂಲಂತ.
ರೆಕ್ಕಿ ಹಂಗ ಐತಿ, ರೊಕ್ಕ ಕೊಟ್ಟದ್ದಕ್ಕ.

ಬೆಳಿಗ್ಗೆ ಲೇಥ್ ಚಾಲೂ ಮಾಡೂಕಿಂತ ಮೊದಲ
ಸ್ವಿಚ್ಚಿನ ಮ್ಯಾಲೆ ಕೈ ಇಟ್ಟು ಒಂದು ಗಳಿಗಿ ನಿಲ್ಲತೀನಿ.
ಇಷ್ಟೊತ್ತಿಗೆ ನನ್ನಷ್ಟ ತೂಕದ್ದೊಂದು
ಹಮ್ಮಿಗಿ ನೀರಿನ ಮ್ಯಾಲೆ ಮುಂದ ಕುಂತು ಹೊಂಟಿರತೈತಿ.
ಅದಕ್ಕೂ ಈಸು ಬರೂದಿಲ್ಲ.