ಎಡಕ್ಕ ಹೊಳ್ಳಿದಾಂವ

ಬೆಟಗೇರಿ ಬಸ್‌ಸ್ಟ್ಯಾಂಡಿನ ಹಿಂದ, ಸೈಕಲ್ ಅಂಗಡಿಗೆ ಹೊಂದಿ
ಹಸಿರು ಪರದೆ ಇಳಿಬಿಟ್ಟ ಒಂದು ಖೋಲಿ,
ಪರಶುರಾಮಸಾ ಬಾಕಳೆಯವರ ಗೇಮಿನ ಅಂಗಡಿ.
ಮೂರು ಟಿವಿ. ಒಂದಕ್ಕ ಬಣ್ಣ ಬರತಿರಲಿಲ್ಲ.
ರೂಪಾಯಿಗೆ ಮೂರು ಜೀವ.

ಅದರಾಗ ಒಬ್ಬಾಂವ ಇದ್ದ, ಕಂದೀಲು ಹಿಡಕೊಂಡಾಂವ.
ಹೆಸರಿರಲಿಲ್ಲ, ನಾವ ಕಂದೀಲ್ಯಾ ಅಂತಿದ್ವಿ.
ಮಾರಿ ಅಂದರ ಆರು ಚೌಕ:
ಎರಡು ಕರಿಯವು, ನಾಕು ಗೋದಿಬಣ್ಣದವು.
ಓಡತಿದ್ದ, ಜಿಗೀತಿದ್ದ, ಎಲ್ಲಾ ಬಲಕ್ಕ.
ಎಡಕ್ಕ ಹೊಳ್ಳಾಕ ಬರತಿರಲಿಲ್ಲ ಅವಗ.
ಗುಂಡಿ ಒತ್ತಿದರೂ ಬೆನ್ನಿಗೆ ಗ್ವಾಡಿ;
ಟಿವಿ ಅಂಚು ಹಿಂದಿನದನ್ನೆಲ್ಲಾ
ಮೇಯಕೋತ ಬರತಿತ್ತು.

ಈಗ ಅವನ ಮ್ಯಾಲ ಸೀರೀಸ್ ಬಂದೈತಿ. ಹತ್ತು ಕಂತು.
ಮಂದಾಕಿನಿ ಹೊಲಿಗಿ ಬಿಟ್ಟೆದ್ದು
ಕೊರಳಾಗ ಟೇಪು ಇದ್ದಾಂಗ ಬಂದು ಕೂತಳು.
ಮೊದಲ ಕಂತು, ನಾಕನೇ ನಿಮಿಷ:
ಸೇತುವೆ ಮ್ಯಾಲ ನಿಂತಾಂವ
ಎಡಕ್ಕ ಹೊಳ್ಳಿ ನೋಡಿದ.

ಕೈಯಾಗಿನ ಚುರುಮರಿ ಬಾಯಿತನಕ ಬರಲಿಲ್ಲ.

ಎಡಕ್ಕ ಒಂದು ಮನಿ ಇತ್ತು.
ಮನ್ಯಾಗ ಅವ್ವ, ಉರಿಯೋ ಒಲಿ, ಮುರಕ ತೊಟ್ಟಲ.
ಅವಗೊಂದು ಹೆಸರು ಸುದ್ದಾ.
"ಪಾಪ," ಅಂದಳು ಮಂದಾಕಿನಿ.
ನಾ ಎಂದೂ ಪಾಪ ಅಂದಾಂವಲ್ಲ.
ಆ ಆರು ಚೌಕದ ಖಾಲಿ ಮಾರಿಯೊಳಗ ನಾ ಇದ್ದೆ;
ಈಗ ಯಾವನೋ ಗಡ್ಡದಾಂವ
ನನ್ನ ಜಾಗಾದಾಗ ಕೂತು ಅಳಾಕತ್ತಿದ್ದ.

ಎರಡು, ಮೂರು ಛಲೋ ಇದ್ವು.
ನಾಕನೇದರಾಗ ಅವನ ದೋಸ್ತನ ಲಗ್ನ.
ಐದು, ಆರು: ದೋಸ್ತನ ಅಳಿಯತನದ ರಗಳೆ.
ಏಳನೇದರಾಗ ಕಂದೀಲು ಮಾಡಿದಾಂವ ಯಾರು ಅಂತ
ಪೂರಾ ಒಂದು ತಾಸು.
ಮಂದಾಕಿನಿ ಟೇಪು ತಗದು ಮೊಳಕಾಲ ಮ್ಯಾಲ ಹರವಿದಳು:
"ಎಂಬತ್ತು ಸೆಂಟಿಮೀಟರಿನ ಬ್ಲೌಸಿಗೆ
ಎರಡು ಮೀಟರ್ ಬಟ್ಟಿ ತಂದರ ನಾ ಏನ ಮಾಡ್ತೀನಿ ಗೊತ್ತೈತೇನು?
ಉದ್ದ ತೋಳು ಇಡ್ತೀನಿ, ಬೆನ್ನಿಗೆ ಲಾಡಿ,
ಲಾಡಿಗೆ ಗೊಂಡೆ.
ಹಾಕ್ಕೊಂಡಾಕಿಗೆ ಸೆಕಿ.
ಆರು ಸಾಕಿತ್ತು ಇವಗ."
ಒಂದ ಸಾಕಿತ್ತು, ಅಂದೆ ನಾ. ರೂಪಾಯಿಗೆ ಹನ್ನೆರಡು ನಿಮಿಷ.
"ಅದು ನಿಮ್ಮ ಕಿಸೆದ ಅಳತಿ. ಕಥಿದಲ್ಲ."

ಎಂಟನೇದರಾಗ ಅಂವ ಸತ್ತ.
ಅದ ತಗ್ಗು. ನನಗ ಗೊತ್ತಿರೋ ತಗ್ಗು.
ಮೂರನೇ ಸೇತುವೆ ಇಳಿದ ಕೂಡಲೇ
ತಳದಾಗ ಚೂಪು ಗೂಟ.
"ಜಿಗಿ," ಅಂದೆ. ಹೆಬ್ಬಟ್ಟು ಚಾದರ ಒತ್ತಿತು.
ಅಂವ ಅವ್ವನ್ನ ನೆನಸಕೋತ ಹಂಗ ನಡದ.

ಆ ತಗ್ಗಿನ್ಯಾಗ ನಾ ಅವನ್ನ ಎಷ್ಟು ಸಲ ಕೆಡವೀನಿ,
ನಾಕನೂರು?
ಪ್ರತಿ ಸಲಾನೂ ಮಿಣಮಿಣ ಮಿಂಚಿ ಎದ್ದು ನಿಲ್ಲತಿದ್ದ,
ಕಂದೀಲು ಆರದಾಂಗ,
ಏನೂ ಆಗದವರಗತೆ, ನನ್ನ ಬೈಯದ.
ಇಲ್ಲಿ ಏಳಲಿಲ್ಲ.

ಇನ್ನೂ ಎರಡು ಕಂತದಾವಲ್ಲ, ಅಂದೆ,
ಸತ್ತ ಮ್ಯಾಲ ಏನ ತೋರಸ್ತಾರ?
"ತಿಥಿ," ಅಂದಳು, ಕಣ್ಣು ಒರಸಿಕೋತನ.

ಪರದೆ ಮೂಲ್ಯಾಗ ಎಣಿಕಿ ಶುರುವಾತು:
ಮುಂದಿನ ಕಂತು ಐದು ಸೆಕೆಂಡಿಗೆ.
ಬಾಕಳೆಯವರ ಅಂಗಡ್ಯಾಗೂ ಎಣಿಕಿ ಇತ್ತು, ಒಂಬತ್ತರಿಂದ.
ಅದು ರೂಪಾಯಿ ಬೇಡತಿತ್ತು, ಸಿಗದಿದ್ದರ ಮುಗೀತು.
ಚಡ್ಡಿಕಿಸೆ ಹೊಳ್ಳಿಸಿ ಹುಡುಕತಿದ್ವಿ.
ನೀಲಕಂಠಸಾ ಒಮ್ಮೆ ಅವ್ವ ಕೊಟ್ಟ ಹಾಲಿನ ರೊಕ್ಕ ತಗದು ಹಾಕಿದ್ದ,
ಖಾಲಿ ಚರಗಿ ಹಿಡಕೊಂಡು ಮನಿಗೆ ಹೋಗಿದ್ದ.
ಇದಕ್ಕ ಏನೂ ಬ್ಯಾಡ.
ಸುಮ್ಮನ ಕೂತರ ತಾನ ಮುಂದಕ್ಕ ಹೊಕ್ಕೈತಿ.

ರಿಮೋಟು ಟೇಪಿನ ಬುಡಕ ಸಿಕ್ಕಿತು.
ಎರಡಕ್ಕ ನಿಲ್ಲಿಸಿದೆ.

ಓಣಿ ತುದಿಗೆ ಪವರ್‌ಲೂಮು ಇನ್ನೂ ನಡದಿತ್ತು.
ನಾ ಯಾವಾಗಲೂ ಬಲಕ್ಕ ಮಲಗಾಂವ;
ಯಾಕೋ ಹೊಳ್ಳಿದೆ.
ಆಕಿಗೂ ನಿದ್ದಿ ಇರಲಿಲ್ಲ.
"ಆ ತಗ್ಗು," ಅಂದಳು, "ಹೆಂಗ ದಾಟೂದು?"

ಅರ್ಧ ಹೆಜ್ಜಿ ಮೊದಲ, ಅಂದೆ.
ಅಂಚಿಗೆ ಬರೂತನಕ ಕಾಯಬಾರದು.