ಮಸಿ

ಎಲೆ ಕಪ್ಪಾದಾಗ ಮೊದಲು ಬೈದದ್ದು ಭಟ್ಟಿಯನ್ನ.
ನಮ್ಮ ಸಂದಿಯಲ್ಲಿ ಏನು ಕಪ್ಪಾದರೂ ಹಾಗೆಯೇ:
ತೊಳೆದು ಹರವಿದ ಪಂಚೆ, ಕಿಟಕಿಯ ಸರಳು,
ಮೂಗಿನ ಹೊಳ್ಳೆ, ಕೂಸಿನ ಹಾಲುಬಟ್ಟಲ ಅಂಚು,
ಎಲ್ಲಕ್ಕೂ ಹುಸೇನ್‌ಬಿಯ ಮಂಡಕ್ಕಿ ಭಟ್ಟಿಯೇ ಹೊಣೆ.
ಹೊಟ್ಟು ಉರಿಯುತ್ತದೆ, ಮರಳು ಕಾಯುತ್ತದೆ,
ಅಕ್ಕಿ ಚಟಪಟ ಅರಳುತ್ತದೆ,
ದಾವಣಗೆರೆಗೆಲ್ಲ ಮಂಡಕ್ಕಿ, ನಮ್ಮ ಪಾಲಿಗೆ ಮಸಿ.

ಹೂವಿನ ಗಿಡ ನನ್ನದು. ಗಿಡವೇನು, ಈಗ ಮರವೇ.
ನರ್ಸರಿಯವನು ಹೇಳಿದ ಹೆಸರು ಕ್ರೇಪ್ ಮರ್ಟಲ್,
ಬಾಯಲ್ಲಿ ಉಳಿದದ್ದು ಬರೀ ಕ್ರೇಪು.
ಇಪ್ಪತ್ತೆರಡು ವರ್ಷ ಸೀರೆಗೆ ಫಾಲ್ ಹಚ್ಚಿದ ಕೈಗೆ
ಅಷ್ಟು ಸಾಕು:
ಇಸ್ತ್ರಿಗೆ ಬಗ್ಗದ ಸುಕ್ಕು, ಅಂಚಿಗೆಲ್ಲ ಗುಲಾಬಿ ನೆರಿಗೆ,
ಮುಂಗಾರು ಶುರುವಾದರೆ ಇಡೀ ಸಂದಿ ಮದುವೆ ಮನೆ.

ಈ ವರ್ಷ ಮೊಗ್ಗು ಬಿಚ್ಚಲಿಲ್ಲ.
ಚಿಗುರಿನ ಮೇಲೆ ಯಾರೋ ಪೌಡರ್ ಡಬ್ಬಿ ಕೊಡವಿದಂತೆ ಬಿಳುಪು,
ಕೆಳಗಿನ ಎಲೆಗೆ ಮಸಿ,
ಕಾಂಡಕ್ಕೆ ಅಕ್ಕಿನುಚ್ಚು ಅಂಟಿದ ಹಾಗೆ ಏನೋ.
ಬೀದಿಗೆ ಬಂದು ನಿಂತು ಕೂಗಿದೆ.
ಹುಸೇನ್‌ಬಿ ಜರಡಿ ಕೆಳಗಿಟ್ಟು ಬಂದಳು,
ಮಾತಾಡಲಿಲ್ಲ, ಒಂದು ಎಲೆ ಕಿತ್ತಳು,
ಬೆರಳಲ್ಲಿ ಒರೆಸಿ ನಾಲಿಗೆಗೆ ಮುಟ್ಟಿಸಿದಳು.
"ನನ್ನ ಮಸಿ ಕಹಿ ಇರ್ತೈತೆ, ತಂಗಿ.
ಇದು ಸಿಹಿ ಐತೆ."

ಎಲೆ ತಿರುಗಿಸಿ ತೋರಿಸಿದಳು:
ಸಾಸಿವೆಯಷ್ಟೂ ಇಲ್ಲದ ಹಸಿರು ಹೇನು, ಸಾಲು ಸಾಲು,
ಹೀರುತ್ತ ಹೀರುತ್ತ ಅಂಟು ಸುರಿಸಿ,
ಆ ಅಂಟಿಗೆ ಕರಿ ಬೂಷ್ಟು, ಆ ಸಿಹಿಗೆ ಇರುವೆ.
ಕಾಂಡದ ಬಿಳಿ ನುಚ್ಚನ್ನು ಉಗುರಲ್ಲಿ ಒತ್ತಿದೆ.
ಅದೂ ಹುಳ. ಗುಲಾಬಿ ರಸ ಹೊರಟಿತು,
ಹೂವಿನದೇ ಬಣ್ಣ.
ಬಿಚ್ಚದ ಹೂವೆಲ್ಲ ಇದರ ಹೊಟ್ಟೆಯಲ್ಲಿ ಕೂತಿದೆಯೇನೋ ಅನ್ನಿಸಿ
ಕೈಯನ್ನು ಸೆರಗಿಗೆ ಒರೆಸಿಕೊಂಡೆ.

ಗೊಬ್ಬರದಂಗಡಿ ಕೊಟ್ರೇಶಿ ಕೊಟ್ಟದ್ದು ಕೆಂಪು ತ್ರಿಕೋನದ ಶೀಶೆ.
"ಮೆಕ್ಕೆಜೋಳಕ್ಕೆ ಇದೇ ಹೊಡೀತಾರೆ, ಒಂದೇ ಸಲಕ್ಕೆ ಸಾಫ್."
ಹೊಡೆದೆ.
ಬೆಳಗಾದರೆ ಬುಡದಲ್ಲಿ ಹೇನು, ಇರುವೆ,
ಏಳೆಂಟು ಗುಲಗಂಜಿ ಹುಳ, ಕಾಲು ಮೇಲೆ ಮಾಡಿ.
ಹೇನು ತಿಂದೇ ಬದುಕುವ ಜಾತಿಯಂತೆ ಅವು. ಆಮೇಲೆ ತಿಳಿಯಿತು.
ಹದಿನೈದು ದಿನಕ್ಕೆ ಹೇನು ವಾಪಸ್ ಬಂದವು.
ಗುಲಗಂಜಿ ಬರಲಿಲ್ಲ.

ಆಮೇಲಿನದು ನಿಧಾನದ ಕೆಲಸ,
ಫಾಲ್ ಹಚ್ಚುವ ಹಾಗೆ, ಅಂಗುಲ ಅಂಗುಲ.
ಒಂದರೊಳಗೊಂದು ಹೆಣೆದ ಕೊಂಬೆ ಕತ್ತರಿಸಿ ಗಾಳಿಗೆ ದಾರಿ ಬಿಟ್ಟೆ.
ಉದುರಿದ ಎಲೆ ಒಂದನ್ನೂ ಬಿಡದೆ ಆರಿಸಿ ಸುಡಲು ಭಟ್ಟಿಗೆ ಕಳಿಸಿದೆ.
ಹಳೆಯ ಹಲ್ಲುಜ್ಜುವ ಬ್ರಷ್ಷಲ್ಲಿ ಕಾಂಡ ತಿಕ್ಕಿದೆ,
ಎಮ್ಮೆಯ ಮೈ ತೊಳೆಯುವಂತೆ, ಬೈಯುತ್ತ, ಸವರುತ್ತ.
ಬೇವಿನೆಣ್ಣೆಗೆ ಸೋಪಿನ ನೊರೆ ಕಲಸಿ
ಬಿಸಿಲೇರುವ ಮುಂಚೆ ಎಲೆಯ ಅಡಿಗೆ.
ಬಿಳುಪಿಗೆ ಹುಳಿ ಮಜ್ಜಿಗೆ, ನೀರು ಬೆರೆಸಿ.
ಹೇನಿಗೆ ಬೂದಿ.

ಬಿಳುಪಿನ ಕಾಯಿಲೆಯ ಹೆಸರೇ ಬೂದಿರೋಗ,
ಬೂದಿಗೆ ಹೋಗಬೇಕಾದದ್ದು ಅದೇ ಭಟ್ಟಿಗೆ.
ಮೊರ ಹಿಡಿದು ಹೊಸ್ತಿಲಲ್ಲೇ ನಿಂತೆ.
ಅಷ್ಟು ಕೂಗಿದ ಬಾಯಲ್ಲಿ ಹೇಗೆ ಕೇಳುವುದು.
ಕೇಳುವ ಮೊದಲೇ ಮೊರ ತುಂಬಿತ್ತು,
ಜರಡಿ ಹಿಡಿದ ನುಣ್ಣನೆ ಬೂದಿ,
ಸೆರಗಿಗೆ ಒಂದು ಬೊಗಸೆ ಬಿಸಿ ಮಂಡಕ್ಕಿ.
"ಇಬ್ಬನಿ ಇರೋವಾಗ ಎರಚು, ಅಂಟ್ಕೋತೈತೆ," ಅಂದಳು,
ಬೆಂಕಿಯ ಕಡೆ ತಿರುಗಿಕೊಂಡು.

ಶ್ರಾವಣ ದಾಟಿತು. ಹೂ ಬಿಟ್ಟಿದೆ ಅನ್ನಲಾರೆ.
ಮೂಡಲ ಕೊಂಬೆಯಲ್ಲಿ ಒಂದೇ ಗೊಂಚಲು,
ಅದೂ ಅರ್ಧ ಬಿಚ್ಚಿ ಯೋಚನೆ ಮಾಡುತ್ತಿದೆ.
ಇವತ್ತು ಸಿಂಪಡಿಸಲು ಎಲೆ ಎತ್ತಿದರೆ
ಕೆಳಗೊಂದು ಗುಲಗಂಜಿ ಹುಳ.
ಬೆನ್ನಿನ ಚುಕ್ಕಿ ಎಣಿಸುವಷ್ಟರಲ್ಲಿ ಆಚೆ ಬದಿಗೆ ನಡೆಯಿತು.
ಡಬ್ಬಿ ಕೆಳಗಿಟ್ಟೆ.

ಭಟ್ಟಿಯ ಹೊಗೆ ಎಂದಿನಂತೆ ನಮ್ಮ ಕಡೆಗೇ ತಿರುಗಿ
ಹರವಿದ ಪಂಚೆ ಕಪ್ಪಾಯಿತು.
ಬೈದೆ.
ಅದು ಬೇರೆ ಲೆಕ್ಕ.