ಮೀನಿನ ಕಣ್ಣು

ನದಿಯ ಕೆಳಗೆ ನನಗೆ ಕೆಲಸ.
ತೊಂಬತ್ತು ಮೀಟರ್ ಓಡುಮೆಟ್ಟಿಲು ಇಳಿಯುವಷ್ಟರಲ್ಲಿ
ಕಿವಿ ಒಮ್ಮೆ ಗುಂಯ್ ಎನ್ನುತ್ತದೆ,
ಆಮೇಲೆ ಇಡೀ ಯಾಂಗ್ಟ್ಸಿ ನೆತ್ತಿಯ ಮೇಲೆ.
ಇಪ್ಪತ್ತಮೂರು ದುಂಡು ಕಿಟಕಿ, ಒಂದು ಬಕೆಟ್ಟು, ಎರಡು ಬಟ್ಟೆ.
ಒಳಗಿನ ಗಾಜು ನನ್ನದು.
ಹೊರಗಿನದು ಮುಳುಗುವವರದ್ದು, ಅವರ ಸಂಬಳ ಬೇರೆ.

ಗಾಜಿನಾಚೆ, ಹಸಿರು ಬೆಳಕಿನಲ್ಲಿ,
ಬಿಳಿಕೊಕ್ಕರೆ ಬಂಡೆ.
ಕೊಕ್ಕರೆ ಇಲ್ಲ. ಬಿಳಿಯೂ ಅಲ್ಲ.
ಸಾವಿರದಿನ್ನೂರು ವರ್ಷ ಫೂಲಿಂಗ್‌ನ ಜನ
ಚಳಿಗಾಲಕ್ಕೆ ನೀರಿಳಿದಾಗಲೆಲ್ಲ ದೋಣಿ ಕಟ್ಟಿ ಬಂದು
ಕಲ್ಲಿಗೆ ಹೇಳಿ ಹೋದರು:
ಇಂಥ ವರ್ಷ, ಇಂಥ ತಿಂಗಳು,
ನೀರು ಮೀನಿನಿಂದ ಇಷ್ಟು ಅಡಿ ಕೆಳಗೆ,
ನಾವು ಇಂತಿಂಥವರು ಬಂದು ನೋಡಿದೆವು.
ಅಧಿಕಾರಿಗಳ ಹೆಸರು ದಪ್ಪ,
ಜೊತೆಗೆ ಬಂದವರದ್ದು ಸಣ್ಣ,
ಹುಟ್ಟು ಹಾಕಿದವನದ್ದು ಇಲ್ಲವೇ ಇಲ್ಲ.

ಎರಡು ಮೀನು. ಒಂದರ ಬಾಯಲ್ಲಿ ಅಣಬೆ, ಒಂದರ ಬಾಯಲ್ಲಿ ತಾವರೆ.
ಕಣ್ಣು ನೀರಿನಿಂದ ಮೇಲೆ ಬಂದರೆ
ಬರುವ ವರ್ಷ ಸುಗ್ಗಿ ಎಂದು ಊರಿನ ಮಾತು.
‘ಬಂದಿತ್ತು ಒಂದು ಸಲ,’ ಅನ್ನುತ್ತಿದ್ದ ಅಜ್ಜ,
‘ಸುಗ್ಗಿ ಬರಲಿಲ್ಲ. ಮೂವತ್ತಾರು ಹುರುಪೆ ಎಣಿಸಿ
ಹುರಿದರೆ ಹೇಗಿರುತ್ತದೆ ಅಂತ ಯೋಚಿಸಿದೆ.’

ಅಜ್ಜ, ರಾನ್ ದೆಮಾವ್, ಬಂಡೆಯ ಅಚ್ಚು ತೆಗೆಯುವವನು.
ಒದ್ದೆ ಕಾಗದ ಹಾಸಿ, ನಾರಿನ ಕುಂಚದಿಂದ ಬಡಿದು ಬಡಿದು,
ಕಾಗದ ಕಲ್ಲಿನ ಗಾಯಕ್ಕೆಲ್ಲ ಇಳಿದ ಮೇಲೆ
ಮಸಿಯ ಗಂಟಿನಿಂದ ತಟ್ ತಟ್ ತಟ್.
ಉಬ್ಬಿದ್ದು ಕಪ್ಪಾಗುತ್ತದೆ, ತಗ್ಗಿದ್ದು ಬಿಳಿ ಉಳಿಯುತ್ತದೆ.
‘ಉಜ್ಜಬಾರದು ಯಾವ್‌ಮೇಯ್, ತಟ್ಟಬೇಕು,
ಕೂಸಿನ ಬೆನ್ನು ತಟ್ಟಿದ ಹಾಗೆ.’
ಅಣೆಕಟ್ಟು ತುಂಬಿದ ವರ್ಷ
ಕುಂಚ ತೊಳೆದು, ಒಣಗಿಸಿ, ಅಕ್ಕಿ ಡಬ್ಬಿಯಲ್ಲಿಟ್ಟ.

ಹೋದ ತಿಂಗಳು ಅವನನ್ನು ಕೆಳಗೆ ಕರೆದೊಯ್ದೆ.
ಕಾವಲಿನ ಪು ಕುರ್ಚಿ ತಂದುಕೊಟ್ಟ. ಕೂರಲಿಲ್ಲ.
ಒಂಬತ್ತನೇ ಕಿಟಕಿಗೆ ಬಾಯಿಂದ ಉಸಿರು ಊದಿ
ಜೇಬಿನ ಕರವಸ್ತ್ರ ಮುದ್ದೆ ಮಾಡಿ
ತಟ್ ತಟ್ ತಟ್.
ಪು ನನ್ನನ್ನು ನೋಡಿದ.
ನಾನು ಬಕೆಟ್ಟು ನೋಡಿದೆ.
ಗಾಜು ಏನನ್ನೂ ಕೊಡಲಿಲ್ಲ,
ಅವನ ಮುಖವೊಂದನ್ನು ಬಿಟ್ಟು.

‘ಈ ವರ್ಷದ್ದು ಯಾರು ಬರೆದರು?’
ಯಾರೂ ಇಲ್ಲ ಅಜ್ಜ. ಈಗ ಚಳಿಗಾಲಕ್ಕೇ ನೀರು ಏರುತ್ತದೆ,
ಬೇಸಿಗೆಗೆ ಇಳಿಸುತ್ತಾರೆ. ಆಫೀಸಿನಲ್ಲಿ ತೀರ್ಮಾನ,
ಅಂಕಿ ಫೋನಿಗೆ ಬರುತ್ತದೆ.
ಬಹಳ ಹೊತ್ತು ಸುಮ್ಮನಿದ್ದು ಅಂದ:
‘ಅಂದರೆ ಬಡವಾದೆ ಅಂತ ಹೇಳಿಕೊಳ್ಳಲೂ
ನದಿ ಯಾರನ್ನೋ ಕೇಳಬೇಕು.’

ನೀರ ಮೇಲೆ ಬರೆದದ್ದು ನಿಲ್ಲುವುದಿಲ್ಲವಂತೆ.
ನೀರ ಕೆಳಗೆ ಬರೆದದ್ದು ನಿಂತಿದೆ, ನಾನೇ ಸಾಕ್ಷಿ.
ನಿಂತು ಏನು ಮಾಡುತ್ತಿದೆ ಎಂದು ಮಾತ್ರ ಕೇಳಬೇಡಿ.

ಮನೆ ಹಿಂದೆ ಸಾಸಿವೆಗಡ್ಡೆ ತೊಳೆಯುವ ಕಲ್ಲಿನ ತೊಟ್ಟಿ.
ಅದರ ಒಳಗೋಡೆಯಲ್ಲಿ ಮೊನ್ನೆ ಒಂದು ಮೀನು ಕಂಡೆ,
ಮೊಳೆಯಲ್ಲಿ ಕೆತ್ತಿದ್ದು, ವಕ್ರ,
ಬಾಯಲ್ಲಿ ಗಡ್ಡೆಯ ಎಲೆ.
ದಿನಾ ಬೆಳಿಗ್ಗೆ ತೊಟ್ಟಿ ತುಂಬಿಸುವವಳು ನಾನು,
ದಿನಾ ಬೆಳಿಗ್ಗೆ ಅವನು ಬಂದು ಇಣುಕಿ
ಏನೂ ಹೇಳದೆ ಹೋಗುತ್ತಿದ್ದ.

ನಿನ್ನೆ ನಲ್ಲಿ ತಿರುಗಿಸಲಿಲ್ಲ.
ಮರೆತೆ ಎಂದುಕೊಳ್ಳಲಿ.
ಗಂಜಿ ಬಟ್ಟಲು ಹಿಡಿದವನು ಅಲ್ಲಿಂದಲೇ ಕೂಗಿದ,
ಎಂಬತ್ತನಾಲ್ಕರ ಗಂಟಲಲ್ಲಿ: ‘ಕಣ್ಣು! ಕಣ್ಣು ಬಂತು!’
ಪಕ್ಕದ ಮನೆಯ ನಾಯಿ ಬೊಗಳಿತು.
ಅಕ್ಕಿ ಡಬ್ಬಿಯಿಂದ ಕುಂಚ ಹೊರಬಂತು,
ಗೋಡೆಯ ಮೇಲೆ ಮಸಿ ಇನ್ನೂ ಇಳಿಯುತ್ತಿರುವಾಗಲೇ ಓದಿದೆ:
ನೀರು ಮೀನಿನಿಂದ ಎರಡು ಬೆರಳು ಕೆಳಗೆ.
ರಾನ್ ದೆಮಾವ್, ಮೊಮ್ಮಗಳ ಜೊತೆ ಬಂದು ನೋಡಿದನು.

ಕೆಳಗೆ ನನ್ನ ಹೆಸರು, ಅವನದ್ದರಷ್ಟೇ ದಪ್ಪ.
ಕೊನೆಯ ಅಕ್ಷರದಲ್ಲಿ ಒಂದು ಗೆರೆ ಬಿಟ್ಟಿದ್ದ.
ಹೇಳಲಿಲ್ಲ.
ಬಸ್ಸು ಬಂದಿತ್ತು.